ಬಿ.ಡಿ. ಜತ್ತಿ: ಅಧಿಕಾರದ ಮಿತಿ ಮತ್ತು ಒಂದು ದಿನದ ಹಿಂಜರಿಕೆ

ಇಂದು ಬಾಗಲಕೋಟೆ ಜಿಲ್ಲೆಗೆ ಸೇರಿರುವ ತೇರದಾಳ, ಜಮಖಂಡಿ, ಮುಧೋಳಗಳ ಸೀಮೆಯು ಸ್ವಾತಂತ್ರ್ಯಪೂರ್ವದಲ್ಲಿ ಒಂದೇ ಆಡಳಿತಕ್ಕೆ ಒಳಪಟ್ಟಿರಲಿಲ್ಲ. ತೇರದಾಳವು ಸಾಂಗಲಿ ಸಂಸ್ಥಾನದಲ್ಲಿದ್ದರೆ, ಜಮಖಂಡಿ ಮತ್ತು ಮುಧೋಳ ಪ್ರತ್ಯೇಕ ಸಂಸ್ಥಾನಗಳಾಗಿದ್ದವು. ಹೀಗೆ ಹರಿದುಹಂಚಿಹೋಗಿದ್ದ ನೆಲದ ಸಾವಳಗಿಯಲ್ಲಿ 1912ರಲ್ಲಿ ಜನಿಸಿದ ಬಸಪ್ಪ ದಾನಪ್ಪ ಜತ್ತಿಯವರು, 1977ರಲ್ಲಿ ಭಾರತದ ಹಂಗಾಮಿ ರಾಷ್ಟ್ರಪತಿಗಳಾದರು. ಈ ಏರಿಕೆಯನ್ನು ಕೊಂಡಾಡುವ ಬರಹಗಳಿಗೆ ಕೊರತೆಯಿಲ್ಲ. ಆದರೆ ಆ ಸ್ಥಾನದಲ್ಲಿ ಅವರು ಎದುರಿಸಿದ ಸಂದಿಗ್ಧದ ವಿಮರ್ಶೆ ಅಷ್ಟಾಗಿ ನಡೆದಿಲ್ಲ.

ವಕೀಲರಾಗಿದ್ದ ಜತ್ತಿಯವರು 1940ರಲ್ಲಿ ಜಮಖಂಡಿ ಪುರಸಭೆಯ ಸದಸ್ಯರಾಗಿ ಸಾರ್ವಜನಿಕ ಜೀವನವನ್ನು ಪ್ರವೇಶಿಸಿದರು. ಅನಂತರ ಸಂಸ್ಥಾನದ ಮಂತ್ರಿಯಾದರು. 1958ರಿಂದ 1962ರವರೆಗೆ ಮೈಸೂರು ರಾಜ್ಯದ ಮುಖ್ಯಮಂತ್ರಿಯಾಗಿದ್ದರು. 1974ರಲ್ಲಿ ಉಪರಾಷ್ಟ್ರಪತಿಯಾದರು. ತಮ್ಮ ಆತ್ಮಕಥೆಗೆ 'ಐ ಆಮ್ ಮೈ ಓನ್ ಮಾಡಲ್' ಎಂದು ಹೆಸರಿಟ್ಟ ಈ ವ್ಯಕ್ತಿಗೆ ದೊರೆತ ಅತ್ಯುನ್ನತ ಪದವಿಯಾದರೋ ಸ್ವಂತ ನಿರ್ಣಯಕ್ಕೆ ಅತಿ ಕಡಿಮೆ ಅವಕಾಶವಿದ್ದ ಪದವಿಯಾಗಿತ್ತು.

ವಸಾಹತು ಆಳ್ವಿಕೆಯಿಂದ ಬಿಡುಗಡೆ ಹೊಂದಿದ ಅನೇಕ ರಾಷ್ಟ್ರಗಳಲ್ಲಿ ಸ್ಥಿತಿ ಭಿನ್ನವಾಗಿತ್ತು. ಘಾನಾದ ಕ್ವಾಮೆ ಎನ್‌ಕ್ರುಮಾ 1960ರಲ್ಲಿ ಅಧ್ಯಕ್ಷರಾಗಿ, 1964ರಲ್ಲಿ ದೇಶವನ್ನು ಏಕಪಕ್ಷ ವ್ಯವಸ್ಥೆಗೆ ಒಳಪಡಿಸಿ, 1966ರಲ್ಲಿ ಪದಚ್ಯುತರಾದರು. ಅಲ್ಲಿ ಎದ್ದ ಪ್ರಶ್ನೆ ರಾಷ್ಟ್ರಾಧ್ಯಕ್ಷನ ಮಿತಿಮೀರಿದ ಅಧಿಕಾರದ್ದು. ಭಾರತದಲ್ಲಿ ಎದ್ದದ್ದು ಇದಕ್ಕೆ ವಿರುದ್ಧವಾದುದು: ಸಹಿ ಹಾಕಲೇಬೇಕಾದವನಿಗೆ ವಿವೇಚನೆಯ ಹಕ್ಕುಂಟೆ?

ಫಕ್ರುದ್ದೀನ್ ಅಲಿ ಅಹಮದ್ ಅವರು 1977ರ ಫೆಬ್ರವರಿ 11ರಂದು ನಿಧನರಾದಾಗ ಜತ್ತಿಯವರು ಹಂಗಾಮಿ ರಾಷ್ಟ್ರಪತಿಗಳಾದರು. ಮಾರ್ಚ್ ತಿಂಗಳಲ್ಲಿ ಜನತಾ ಸರ್ಕಾರ ಬಂದಿತು. ಕಾಂಗ್ರೆಸ್ ಆಡಳಿತದ ಒಂಬತ್ತು ರಾಜ್ಯಗಳ ವಿಧಾನಸಭೆಗಳನ್ನು ವಿಸರ್ಜಿಸಲು ಅದು ಮುಂದಾಯಿತು. ಇದನ್ನು ಪ್ರಶ್ನಿಸಿದ ರಾಜ್ಯಗಳ ದಾವೆಯನ್ನು ಸರ್ವೋಚ್ಚ ನ್ಯಾಯಾಲಯವು ಏಪ್ರಿಲ್ 29ರಂದು ತಳ್ಳಿಹಾಕಿತು. ಆದರೂ ಜತ್ತಿಯವರು ಕೂಡಲೇ ಸಹಿ ಹಾಕದೆ ತಡೆದರು. ಏಪ್ರಿಲ್ 30ರಂದು ಸಹಿ ಹಾಕಿದರು.

ಈ ವಿಳಂಬವನ್ನು ಪಕ್ಷನಿಷ್ಠೆಯೆಂದವರುಂಟು, ಸಂವಿಧಾನನಿಷ್ಠೆಯೆಂದವರೂ ಉಂಟು. ಎರಡಕ್ಕೂ ಆಧಾರವಿದೆ. ಅವರು ಕಾಂಗ್ರೆಸ್ಸಿನಿಂದ ಬಂದವರು. ಜೊತೆಗೆ ಕಾನೂನು ಬಲ್ಲವರು. ಆದರೆ ಮರೆಯಬಾರದ ಇನ್ನೊಂದು ಸಂಗತಿಯಿದೆ. ಮಂತ್ರಿಮಂಡಲದ ಸಲಹೆಗೆ ರಾಷ್ಟ್ರಪತಿಯನ್ನು ಸ್ಪಷ್ಟ ಮಾತುಗಳಲ್ಲಿ ಕಟ್ಟಿಹಾಕಿದ್ದು 1976ರ 42ನೆಯ ತಿದ್ದುಪಡಿ. ತುರ್ತುಪರಿಸ್ಥಿತಿಯ ದಿನಗಳಲ್ಲಿ ಅದಕ್ಕೆ ಒಪ್ಪಿಗೆಯಿತ್ತ ರಾಜ್ಯಸಭೆಗೆ ಜತ್ತಿಯವರೇ ಸಭಾಪತಿಗಳಾಗಿದ್ದರು. ಅವರ ಕೈಯನ್ನು ಕಟ್ಟಿದ ಹಗ್ಗ ಅವರ ಸಮ್ಮುಖದಲ್ಲಿಯೇ ಹೊಸೆಯಲ್ಪಟ್ಟಿತ್ತು.

ಆದಾಗ್ಯೂ ಆ ಹಿಂಜರಿಕೆ ನಿರರ್ಥಕವಲ್ಲ. ಸಲಹೆಯನ್ನು ಒಮ್ಮೆ ಮರುಪರಿಶೀಲನೆಗೆ ಕಳುಹಿಸುವ ಅಧಿಕಾರವನ್ನು 1978ರ 44ನೆಯ ತಿದ್ದುಪಡಿಯು ರಾಷ್ಟ್ರಪತಿಗೆ ನೀಡಿತು. ಕರ್ನಾಟಕದ ಮತ್ತೊಬ್ಬ ಮುಖ್ಯಮಂತ್ರಿ ಎಸ್.ಆರ್. ಬೊಮ್ಮಾಯಿಯವರ ಪ್ರಕರಣದಲ್ಲಿ, ಸಂಸತ್ತಿನ ಒಪ್ಪಿಗೆಗೆ ಮುನ್ನ ವಿಧಾನಸಭೆಯನ್ನು ವಿಸರ್ಜಿಸಲಾಗದೆಂದು 1994ರಲ್ಲಿ ಸರ್ವೋಚ್ಚ ನ್ಯಾಯಾಲಯ ಸಾರಿತು. ಜತ್ತಿಯವರ ಉದ್ದೇಶವೇನಿದ್ದರೂ, ಅವರ ವಿಳಂಬವು ಎತ್ತಿದ ಪ್ರಶ್ನೆ ನ್ಯಾಯಸಮ್ಮತವಾಗಿತ್ತು. ಅವರ ಸ್ಥಾನಮಾನಕ್ಕಿಂತ ಈ ಪ್ರಶ್ನೆಯೇ ಅವರ ಬಾಳಿನ ಮರುಮೌಲ್ಯಮಾಪನಕ್ಕೆ ತಕ್ಕ ನೆಲೆಯಾಗಿದೆ.