ಮಾಯಿ ಆ ಹವೇಲಿಯ ಯಜಮಾನಿ

ಅಸ್ಘರ್ ವಜಾಹತ್ ಅವರ ‘ಜಿಸ್ ಲಾಹೋರ್ ನಈ ದೇಖ್ಯಾ’ ನಾಟಕವನ್ನು ನೀವು ನೋಡಿರಬಹುದು, ಇಲ್ಲವೇ ಕಥೆಯನ್ನಾದರೂ ಕೇಳಿರುತ್ತೀರಿ. 1990ರಲ್ಲಿ ದೆಹಲಿಯಲ್ಲಿ ಹಬೀಬ್ ತನ್ವೀರ್ ಇದನ್ನು ರಂಗಕ್ಕೆ ತಂದರು. ದೇಶ ವಿಭಜನೆಯಾಗಿ ಲಖನೌದಿಂದ ಲಾಹೋರಿಗೆ ಬಂದ ಸಿಕಂದರ್ ಮಿರ್ಜಾ ಕುಟುಂಬಕ್ಕೆ 22 ಕೋಣೆಗಳ ಹವೇಲಿ ಸಿಗುತ್ತದೆ. ಒಳಗೆ ಹೋದರೆ ಅಲ್ಲೊಬ್ಬ ಹಿಂದೂ ಮುದುಕಿ, ರತನ್‌ನ ತಾಯಿ. ಮನೆ ಬಿಟ್ಟು ಹೋಗಲು ಆಕೆ ತಯಾರಿಲ್ಲ.

ಇದು ಸೌಹಾರ್ದದ ನಾಟಕ ಅಂತ ಎಲ್ಲರೂ ಹೇಳ್ತಾರೆ. ಸರಿಯೇ. ಆದರೆ ಆ ಮಾತಿನ ಭಾರಕ್ಕೆ ಮೊದಲು ಕುಸಿಯುವವಳು ಮಾಯಿಯೇ. ಹವ್ಯಾಸಿ ಪ್ರಯೋಗಗಳಲ್ಲಿ ಆಕೆಯನ್ನು ಹೇಗೆ ಮಾಡಿಸ್ತಾರೆ ಗಮನಿಸಿ: ಇಪ್ಪತ್ತರ ಹುಡುಗಿಯ ತಲೆಗೆ ಪೌಡರ್, ಬೆನ್ನು ಬಾಗಿಸಿ ಕೈಗೊಂದು ಕೋಲು, ಬಾಯಿ ತೆರೆದರೆ ಅಳುವ ದನಿ. ಮೊದಲ ದೃಶ್ಯದಲ್ಲೇ ನಮಗೆ ‘ಪಾಪ’ ಅನಿಸಿಬಿಡುತ್ತದೆ. ಅಲ್ಲಿಗೆ ನಾಟಕ ಮುಗೀತು. ಬರೀ ಪಾಪದ ಮುದುಕಿಯಾದರೆ ಮಿರ್ಜಾಗೆ ಆಕೆಯ ಬಗ್ಗೆ ಅಷ್ಟೊಂದು ತಲೆನೋವು ಯಾಕೆ?

ಮಾಯಿ ಆ ಹವೇಲಿಯ ಯಜಮಾನಿ. ಸರಕಾರಿ ಕಾಗದ ಮಿರ್ಜಾ ಕೈಲಿದೆ, ಮನೆ ಮಾತ್ರ ಆಕೆಯದು. ಹೊಸಬರಿಗೆ ಊರು ಗೊತ್ತಿಲ್ಲ, ಆಕೆಗೆ ಓಣಿ ಓಣಿಯೂ ಗೊತ್ತು. ನಿಧಾನವಾಗಿ ಇಡೀ ಮೊಹಲ್ಲಾಕ್ಕೆ ಆಕೆ ಮಾಯಿ ಆಗುವುದು ಕರುಣೆಯಿಂದಲ್ಲ, ಜನರಿಗೆ ಆಕೆ ಬೇಕಾಗುತ್ತಾಳೆ. ಇದನ್ನು ಮಾಡಲು ವಯಸ್ಸಾದ ನಟಿಯೇ ಬೇಕು ಅಂತ ನನ್ನ ಹಟ. ಮನೆಗೆ ಬಂದವರನ್ನು ಒಂದು ಕ್ಷಣ ಸುಮ್ಮನೆ ನೋಡಿ ಅಳೆಯುವ ಆ ನೋಟ ಪೌಡರಿನಿಂದ ಬರೋದಿಲ್ಲ. ನಾದಿರಾ ಜಹೀರ್ ಬಬ್ಬರ್ ತಾವೇ ಬರೆದ ‘ಸಕುಬಾಯಿ’ಯನ್ನು ನಿರ್ದೇಶಿಸುವಾಗ ಮನೆಗೆಲಸದವಳ ಕಥೆಯನ್ನು ಪೂರ್ತಿಯಾಗಿ ಸರಿತಾ ಜೋಶಿ ಒಬ್ಬರ ಮೇಲೆ ಬಿಟ್ಟರು. ಅಂಥ ಭರವಸೆ ಮಾಯಿಗೂ ಸಿಗಬೇಕು.

ದೀಪಾವಳಿಯ ಪ್ರಸಂಗ ನೋಡಿ. ಹೊರಗೆ ಯಾಕೂಬ್ ಪೈಲ್ವಾನನಂಥವರು ಕಾಯುತ್ತಿದ್ದಾರೆ. ಆಗ ದೀಪ ಹಚ್ಚುವ ಆಸೆಯನ್ನು ಮಗುವಿನ ಮುಗ್ಧತೆಯಂತೆ ತೋರಿಸಿದರೆ ಮಾಯಿಯ ಬುದ್ಧಿಗೆ ಅವಮಾನ. ಆಕೆಗೆ ಅಪಾಯ ಗೊತ್ತಿದೆ, ಗೊತ್ತಿದ್ದೂ ಬಯಸುತ್ತಾಳೆ. ಮುಂದೆ ಮಿರ್ಜಾ ಮನೆಯವರಿಗೆ ತನ್ನಿಂದ ತೊಂದರೆ ಬೇಡ ಅಂತ ಊರನ್ನೇ ಬಿಡಲು ಹೊರಡುವವಳೂ ಇವಳೇ ಅಲ್ಲವೇ?

ಭಾಷೆಯ ವಿಚಾರ ಇನ್ನೊಂದು. ಮಾಯಿಯದು ಪಂಜಾಬಿ, ಹಮೀದಾ ಬೇಗಂ ಅವರದು ಲಖನೌ ಉರ್ದು. ಒಬ್ಬರ ಮಾತು ಒಬ್ಬರಿಗೆ ಅರ್ಧಂಬರ್ಧ. ಕನ್ನಡದಲ್ಲಿ ಮಾಡುವವರು ಇಬ್ಬರ ಬಾಯಿಗೂ ಪುಸ್ತಕದ ಕನ್ನಡ ತುಂಬಿದರೆ ಆ ಕಷ್ಟವೇ ಹೋಗಿಬಿಡುತ್ತದೆ. ಮಾಯಿ ಕಲಬುರಗಿ ಕಡೆಯ ಕನ್ನಡ ಆಡಲಿ, ಬೇಗಂ ಉರ್ದು ಬೆರೆತ ಕನ್ನಡ ಆಡಲಿ. ನಮ್ಮ ಮನೆಗಳಲ್ಲಿ ದಖನಿ ಮಾತಾಡುವ ಅಮ್ಮೀ, ಪಕ್ಕದ ಮನೆಯ ಅವ್ವ ಹೀಗೇ ತಾನೇ ಸಂಸಾರ ದೂಗಿಸಿದ್ದು?

ಕೊನೆಯ ಭಾಗದ ಬಗ್ಗೆ ನನಗೆ ಒಂದು ತಕರಾರಿದೆ. ಮಾಯಿ ತೀರಿದ ಮೇಲೆ ರಂಗವೆಲ್ಲ ಗಂಡಸರದು. ಆಕೆಯ ಧರ್ಮದ ಪ್ರಕಾರವೇ ಅಂತ್ಯಕ್ರಿಯೆ ಆಗಲಿ ಎನ್ನುವ ಮೌಲ್ವಿ ಸಾಹೇಬರು ದೊಡ್ಡ ಪಾತ್ರ, ಅದಕ್ಕಾಗಿ ಜೀವವನ್ನೂ ಕಳೆದುಕೊಳ್ಳುತ್ತಾರೆ. ಪ್ರೇಕ್ಷಕರು ಅವರನ್ನೇ ನೆನಪಿಟ್ಟುಕೊಂಡು ಮನೆಗೆ ಹೋಗ್ತಾರೆ. ಹಾಗಾದರೆ, ಶವ ಮನೆಯಲ್ಲಿರುವಾಗ ಹಮೀದಾ ಬೇಗಂ ಎಲ್ಲಿರಬೇಕು? ಒಳಗೆ ಕಳಿಸಿಬಿಡುವುದು ಸುಲಭ. ನಾನಾದರೆ ಚರ್ಚೆ ಮುಗಿಯುವ ತನಕ ಅವರನ್ನು ಮಾಯಿಯ ತಲೆಯ ಬಳಿಯೇ ಕೂರಿಸುತ್ತೇನೆ. ಮಾತು ಬೇಡ. ಗಂಡಸರು ಅವರನ್ನು ದಾಟಿಕೊಂಡೇ ಓಡಾಡಲಿ.