ಬಿದ್ದದ್ದು ಸ್ಕ್ರೂ

‘ಮನುಷ್ಯ ಯಂತ್ರವಾಗಿದ್ದಾನೆ’ ಎಂಬ ಮಾತು ನಮ್ಮ ಕವಿತೆಗಳಲ್ಲಿ ಎಷ್ಟು ಸಲ ಬಂದಿದೆಯೆಂದರೆ, ಈಗ ಓದಿದರೆ ಏನೂ ಅನ್ನಿಸುವುದಿಲ್ಲ. ಐಟಿ ಬದುಕಿನ ಪದ್ಯಗಳಲ್ಲಂತೂ ಕೀಬೋರ್ಡು, ಕ್ಯೂಬಿಕಲ್ಲು, ಕೊನೆಗೊಂದು ನಿಟ್ಟುಸಿರು. (ನಾನೂ ಅಂಥವು ಎರಡು ಬರೆದು ಹರಿದುಹಾಕಿದ್ದೇನೆ.)

ಈ ಹೋಲಿಕೆಯ ತೊಂದರೆ ಎಲ್ಲಿದೆ ಎಂದು ಹೊಳೆದದ್ದು ಚೀನಾದ ಶು ಲಿಝಿಯ ಒಂದು ಪುಟ್ಟ ಪದ್ಯವನ್ನು ಇಂಗ್ಲಿಷ್ ಅನುವಾದದಲ್ಲಿ ಓದಿದಾಗ. 1990ರಲ್ಲಿ ಹುಟ್ಟಿದ ಶು, ಶೆನ್ಝೆನ್ ನಗರದ ಫಾಕ್ಸ್‌ಕಾನ್ ಕಾರ್ಖಾನೆಯ ಅಸೆಂಬ್ಲಿ ಲೈನಿನಲ್ಲಿ ದುಡಿಯುತ್ತಿದ್ದ. ಅದೇ ಕಂಪನಿ ಈಗ ನಮ್ಮ ದೇವನಹಳ್ಳಿಯ ಹತ್ತಿರವೂ ಇದೆ. 2014ರ ಜನವರಿಯಲ್ಲಿ ಬರೆದ ಈ ಪದ್ಯದಲ್ಲಿ ನಡೆಯುವುದು ಇಷ್ಟೇ: ಓವರ್‌ಟೈಮಿನ ರಾತ್ರಿ ಒಂದು ಸ್ಕ್ರೂ ನೆಲಕ್ಕೆ ಬೀಳುತ್ತದೆ, ಯಾರೂ ಗಮನಿಸುವುದಿಲ್ಲ. ಹಿಂದೊಮ್ಮೆ ಒಬ್ಬ ಮನುಷ್ಯ ಬಿದ್ದಾಗಲೂ ಹೀಗೇ ಆಗಿತ್ತಂತೆ. 2010ರಲ್ಲಿ ಅಲ್ಲಿನ ಕಾರ್ಮಿಕರ ಸಾಲು ಆತ್ಮಹತ್ಯೆಗಳ ಸುದ್ದಿ ಓದಿದವರಿಗೆ ಇದು ಯಾರ ಮಾತೆಂದು ಬಿಡಿಸಿ ಹೇಳಬೇಕಿಲ್ಲ.

ಇಲ್ಲಿ ಉಪಮೇಯ ಯಾವುದು ನೋಡಿ. ಮನುಷ್ಯ ಸ್ಕ್ರೂವಿನಂತೆ ಬಿದ್ದ ಎಂದಿದ್ದರೆ ಅದು ನಮ್ಮ ಹಳೆಯ ನಿಟ್ಟುಸಿರೇ. ಶು ಹೇಳುತ್ತಿರುವುದು ಸ್ಕ್ರೂವಿನ ಸಮಾಚಾರ. ಮನುಷ್ಯ ಬರುವುದು ಬರೀ ಹೋಲಿಕೆಗೆ. ನಮ್ಮ ಅಲಂಕಾರಶಾಸ್ತ್ರ ಇಂಥದಕ್ಕೆ ಪ್ರತೀಪ ಎನ್ನುತ್ತದೆ: ಮುಖ ಚಂದ್ರನಂತಿದೆ ಅನ್ನದೆ, ಚಂದ್ರನೇ ಮುಖದಂತಿದ್ದಾನೆ ಅನ್ನುವುದು. ಅಲ್ಲಿ ಅದು ಹೆಣ್ಣನ್ನು ಹೊಗಳುವ ಜಾಣತನ. ಇಲ್ಲಿ ಅದೇ ತಿರುವಿನಿಂದ ಸತ್ತವನು ಸ್ಕ್ರೂವಿನ ಹಿಂದೆ ನಿಲ್ಲುತ್ತಾನೆ. ಕವಿ ಮರುಗಲು ಹೋಗುವುದಿಲ್ಲ. ಕಾರ್ಖಾನೆಯ ಲೆಕ್ಕದಲ್ಲಿ ಯಾವುದು ಮೊದಲೋ ಪದ್ಯದಲ್ಲೂ ಅದನ್ನೇ ಮೊದಲು ಇಡುತ್ತಾನೆ.

ಕಬ್ಬಿಣದ ಚಂದ್ರನನ್ನು ನುಂಗುವ ಅವನ ಇನ್ನೊಂದು ಪದ್ಯ ಇದಕ್ಕಿಂತ ಪ್ರಸಿದ್ಧ. ನನಗೆ ಅದರ ದನಿ ಸ್ವಲ್ಪ ಜೋರು. ನುಂಗಿದ್ದರ ಪಟ್ಟಿ ಬೆಳೆದಂತೆ ಘೋಷಣೆಯ ಹತ್ತಿರ ಹೋಗುತ್ತದೆ.

ಅದೇ ಸೆಪ್ಟೆಂಬರಿನಲ್ಲಿ, 24ನೆಯ ವಯಸ್ಸಿಗೆ, ಶು ಆತ್ಮಹತ್ಯೆ ಮಾಡಿಕೊಂಡ. ಹಾಗಾಗಿ ಈ ಪದ್ಯವನ್ನು ಅವನ ಸಾವಿನ ಮುನ್ಸೂಚನೆಯೆಂದು ಓದುವ ಆಸೆಯಾಗುತ್ತದೆ. ಹಾಗೆ ಓದಿದರೆ ನಾವು ಸುಲಭವಾಗಿ ಪಾರಾಗುತ್ತೇವೆ. ಪದ್ಯದ ಕಣ್ಣು ನೆಟ್ಟಿರುವುದು ಸದ್ದು ಕೇಳಿಸಿಕೊಳ್ಳದೆ ಕೆಲಸ ಮುಂದುವರಿಸಿದವರ ಮೇಲೆ.

ಹೋದ ವರ್ಷ ನನ್ನ ತಂಡದ ಹುಡುಗನೊಬ್ಬ, ತಂದೆ ತೀರಿಕೊಂಡರೆಂದು, ಪುಣೆಯಿಂದ ರಾತ್ರೋರಾತ್ರಿ ಊರಿಗೆ ಹೋದ. ಆ ವಾರದ ಸ್ಟೇಟಸ್ ರಿಪೋರ್ಟಿನಲ್ಲಿ ಡೆಲಿವರಿ ಎರಡು ದಿನ ತಡವೆಂದು ನಾನು ಮೊದಲು ಬರೆದೆ. ಆಮೇಲೆ, ಪಕ್ಕದ ಕಾಲಮ್ಮಿನಲ್ಲಿ, ಕಾರಣ: ‘ಒನ್ ರಿಸೋರ್ಸ್ ನಾಟ್ ಅವೈಲಬಲ್’.