ಗೋಪುರದ ಮೇಲಿನ ಫರ್ಮ್‌ವೇರ್

ಅಮೆರಿಕದ ಹ್ಯಾಮ್ ರೇಡಿಯೊ ಹವ್ಯಾಸಿಗಳು ಕಟ್ಟಿ ಬೆಳೆಸಿದ ಎಆರ್‌ಇಡಿಎನ್ ಫರ್ಮ್‌ವೇರ್ ಕಂಡರೆ ನನಗೆ ಬಹಳ ಗೌರವ. ಮೈಕ್ರೊಟಿಕ್, ಯುಬಿಕ್ವಿಟಿ ಕಂಪನಿಗಳ ಕೆಲವು ವೈಫೈ ಸಾಧನಗಳಿಗೆ ಇದನ್ನು ತುಂಬಿದರೆ ಸಾಕು, ಅವು ಹ್ಯಾಮ್‌ಗಳ ಮೆಶ್ ಜಾಲದ ನೋಡ್‌ಗಳಾಗುತ್ತವೆ. ಭೂಕಂಪ, ಕಾಡ್ಗಿಚ್ಚಿನಲ್ಲಿ ಇಂಟರ್ನೆಟ್ ಕಡಿದುಹೋದರೂ ತಮ್ಮತಮ್ಮಲ್ಲೇ ದಾರಿ ಹುಡುಕಿಕೊಂಡು ಕರೆ, ಚಿತ್ರ, ಸಂದೇಶಗಳನ್ನು ಸಾಗಿಸುತ್ತವೆ. 2.4 ಗಿಗಾಹರ್ಟ್ಸ್ ಪಟ್ಟಿಯಲ್ಲಂತೂ ಮನೆಯ ವೈಫೈ ಬಳಸದ 2397 ಮೆಗಾಹರ್ಟ್ಸ್‌ವರೆಗೂ ರೇಡಿಯೊ ಇಳಿಯುತ್ತದೆ.

ಇದರ ಬೇರು ಲಿಂಕ್‌ಸಿಸ್ ಡಬ್ಲ್ಯುಆರ್‌ಟಿ54ಜಿ ರೂಟರ್ ಮೇಲಿನ ಹಳೆಯ ಪ್ರಯೋಗಗಳಲ್ಲಿದೆ. ಬುನಾದಿ, ಓಪನ್‌ಡಬ್ಲ್ಯುಆರ್‌ಟಿ ಎಂಬ ಮುಕ್ತ ತಂತ್ರಾಂಶ.

ನಾನು ಹೆಚ್ಚು ಮೆಚ್ಚುವುದು ಅದರ ನಿರ್ವಹಣೆಯನ್ನು. ಈ ಸಾಧನಗಳ ಚಿಕ್ಕ ಮೆಮೊರಿಯಲ್ಲಿ ಎಲ್ಲವೂ ಹಿಡಿಸಬೇಕು. ಅದಕ್ಕೇ ಪರ್ಲ್‌ನಲ್ಲಿದ್ದ ಕೋಡನ್ನು ಲುವಾ ಭಾಷೆಯಲ್ಲಿ ಹೊಸದಾಗಿ ಬರೆದರು. ಜಾಲಗಳು ಹಿಗ್ಗಿದಂತೆ, ದಾರಿ ಹುಡುಕುವ ಒಎಲ್‌ಎಸ್‌ಆರ್ ಪ್ರೋಟೋಕಾಲ್ ಬಿಟ್ಟು ಬಾಬೆಲ್‌ಗೆ ಹೊರಳಿದರು. ಆದರೆ ಒಂದೇಟಿಗೆ ಅಲ್ಲ: ಸ್ವಲ್ಪ ಕಾಲ ಎರಡನ್ನೂ ಜೊತೆಜೊತೆಗೆ ಓಡಿಸಿದರು. ಎಲ್ಲ ನೋಡ್‌ಗಳೂ ಒಂದೇ ದಿನ ಅಪ್‌ಡೇಟ್ ಆಗುವುದಿಲ್ಲವಲ್ಲ! ಬೆಟ್ಟದ ಮೇಲಿನ ನೋಡ್ ಒಂದು ಕೆಟ್ಟ ಅಪ್‌ಡೇಟ್‌ನಿಂದ ಕೈಕೊಟ್ಟರೆ, ಯಾರಾದರೂ ಗಾಡಿ ತೆಗೆದುಕೊಂಡು ಹೋಗಿ ಗೋಪುರ ಹತ್ತಬೇಕು. ಹಾಗೆ ಹತ್ತುವವರ ಕಷ್ಟವನ್ನು ಮೊದಲೇ ನೆನೆದು ಬರೆದ ಕೋಡ್ ಇದು. ದಿನದಿನವೂ ತಯಾರಾಗುವ ಪ್ರಾಯೋಗಿಕ ಆವೃತ್ತಿಗಳನ್ನು ಹವ್ಯಾಸಿಗಳೇ ತಮ್ಮ ನೋಡ್‌ಗಳಲ್ಲಿ ಹಾಕಿ ಪರೀಕ್ಷಿಸುತ್ತಾರೆ. ಸಂಬಳವಿಲ್ಲದ ಈ ದುಡಿಮೆ ನನಗೆ ದೊಡ್ಡದಾಗಿ ಕಾಣುತ್ತದೆ.

ಕೋಡ್ ಓದಬಲ್ಲ ಕನ್ನಡದ ಹ್ಯಾಮ್‌ಗಳು ಇದರ ಮೂಲವನ್ನೊಮ್ಮೆ ತೆರೆದು ನೋಡಬೇಕು. ಅದು ಎಲ್ಲರಿಗೂ ಮುಕ್ತವಾಗಿದೆ.